ಲಂಟಾನದ ಆನೆ: ನಾವು ಕಟ್ಟಿದ ಮೊದಲ ಪ್ರತಿಮೆ

ನಮ್ಮ ಶಾಲೆಯ ಜಗಲಿಯಲ್ಲಿ ಈಗ ಎರಡಡಿ ಎತ್ತರದ ಆನೆಯೊಂದು ನಿಂತಿದೆ. ಬೇಲಿಬದಿಯ ಲಂಟಾನದ ಕೋಲುಗಳಿಂದ ನಾವೂ ಒಂಬತ್ತನೇ ತರಗತಿಯ ಮಕ್ಕಳೂ ಸೇರಿ ಕಟ್ಟಿದ್ದು. ಒಂದು ಕಾಲು ತುಸು ವಾಲಿದೆ. ಕಿವಿಗಳೆರಡೂ ಒಂದೇ ಅಳತೆಯವಲ್ಲ. ಆದರೂ ನೋಡಿದವರು ಆನೆಯೆಂದೇ ಗುರುತಿಸುತ್ತಾರೆ. ನಮ್ಮ ಮೊದಲ ಪ್ರಯತ್ನಕ್ಕೆ ಆ ಭಾಗ್ಯವೂ ಇರಲಿಲ್ಲ.

ಈ ವಿದ್ಯೆಯನ್ನು ನಾವು ಕಂಡು ಬಂದುದು ನೀಲಗಿರಿ ಜಿಲ್ಲೆಯ ಗೂಡಲೂರಿನಲ್ಲಿ. ಮಾನಂತವಾಡಿ, ಸುಲ್ತಾನ್ ಬತ್ತೇರಿಗಳನ್ನು ದಾಟಿದರೆ ಸಿಗುವ ಪೇಟೆಯಿದು. ಅಲ್ಲಿಂದ ಮಸಿನಗುಡಿಯ ಕಡೆಗೆ ಹೊರಟರೆ ಮುದುಮಲೆಯ ಕಾಡು. ಒಂದು ಮಗ್ಗುಲಿಗೆ ಬಂಡೀಪುರ, ಇನ್ನೊಂದಕ್ಕೆ ವಯನಾಡು. ಮೂರು ರಾಜ್ಯಗಳ ಗಡಿಯ ಗೊಡವೆ ಅಲ್ಲಿನ ಆನೆಗಳಿಗಿಲ್ಲ.

ಆ ಕಾಡಿನಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಲಂಟಾನ. ತಮಿಳರು ಉಣ್ಣಿಚೆಡಿ ಎಂದೂ ನಮ್ಮೂರ ಮಲಯಾಳಿಗಳು ಅರಿಪ್ಪೂ ಎಂದೂ ಕರೆಯುವ ಗಿಡವೇ ಇದು. ಮಧ್ಯ ಹಾಗೂ ದಕ್ಷಿಣ ಅಮೆರಿಕದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂದೋಟದ ಅಂದಕ್ಕೆಂದು ಭಾರತಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಇದರ ಎಲೆ ದನಕರುಗಳಿಗೆ ವಿಷ. ಇದು ದಟ್ಟವಾಗಿ ಬೆಳೆದಲ್ಲಿ ಹುಲ್ಲು ತಲೆಯೆತ್ತದು. ಹುಲ್ಲು ಹೋದರೆ ಆನೆಗೆ ಮೇವು ಕಡಿಮೆ.

ಈ ಕಳೆಯಿಂದಲೇ ನಿಜವಾದ ಆನೆಯ ಗಾತ್ರದ ಪ್ರತಿಮೆಗಳನ್ನು ಕಟ್ಟುವ ಕೆಲಸವನ್ನು 'ರಿಯಲ್ ಎಲಿಫೆಂಟ್ ಕಲೆಕ್ಟಿವ್' ಎಂಬ ಸಂಸ್ಥೆ ಗೂಡಲೂರಿನ ಸುತ್ತಮುತ್ತ ಕೈಗೊಂಡಿತು. ಕಟ್ಟಿದವರು ಬೆಟ್ಟಕುರುಂಬ, ಪಣಿಯ, ಕಾಟುನಾಯಕ, ಸೋಲಿಗ ಜನ. ಅವರ ಕೈಯ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದವು. ಅದೇ ವರ್ಷ ನೂರು ಆನೆಗಳು ಅಮೆರಿಕದ ನ್ಯೂಪೋರ್ಟ್, ನ್ಯೂಯಾರ್ಕ್ ನಗರಗಳನ್ನು ಕಂಡವು. ಲಾಲ್‌ಬಾಗಿನಲ್ಲಿ ನೋಡಿದಂದಿನಿಂದ ನಮಗೆ ಒಂದೇ ಹಂಬಲ: ಇದನ್ನು ನಮ್ಮ ಮಕ್ಕಳ ಕೈಯಲ್ಲಿ ಮಾಡಿಸಬೇಕು.

ಬೇಸಿಗೆ ರಜೆಯಲ್ಲಿ ಗೂಡಲೂರಿಗೆ ಹೋದಾಗ, ಈ ಕೆಲಸ ಬಲ್ಲ ಬೆಟ್ಟಕುರುಂಬ ಹಿರಿಯರೊಬ್ಬರ ಅಂಗಳದಲ್ಲಿ ಕುಳಿತೆವು. ಬಂಡೀಪುರದ ಕಡೆ ನೆಂಟರಿದ್ದುದರಿಂದ ಅವರಿಗೆ ಕನ್ನಡ ಬರುತ್ತಿತ್ತು.

"ಯಾವ ಆನೆ ಮಾಡ್ತೀರಿ ಸಾರ್?" ಎಂದು ಕೇಳಿದರು.

"ಆನೆ ಎಂದರೆ ಆನೆ" ಎಂದೆವು.

ಅವರು ನಕ್ಕರು. "ಬರೀ ಆನೆ ಅನ್ನೋದು ನಮ್ಮ ಕಾಡಲ್ಲಿ ಇಲ್ಲ ಸಾರ್. ಒಂದೊಂದೂ ಬೇರೆ."

ಲಂಡನ್ನಿಗೆ ಹೋದ ಪ್ರತಿಮೆಗಳೂ ಹಾಗೆಯೇ. ಗೂಡಲೂರಿನ ಮಲೆಗಳಲ್ಲಿ ಓಡಾಡುವ ಒಂದೊಂದು ಆನೆಯನ್ನು ನೋಡಿ, ಅದರದೇ ರೂಪದಲ್ಲಿ ಕಟ್ಟಿದವು. ಮೊದಲು ಕಬ್ಬಿಣದ ಸರಳುಗಳಿಂದ ಅಸ್ಥಿಪಂಜರ. ಬಳಿಕ ಲಂಟಾನದ ಕೋಲನ್ನು ನೀರಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಮೆತ್ತಗಿರುವಾಗಲೇ ಬಗ್ಗಿಸಿ ಮೊಳೆ ಹೊಡೆಯುವುದು.

ಇಷ್ಟು ಕೇಳಿಕೊಂಡು ಬಂದ ನಾವು ಮೊದಲ ದಿನವೇ ಬೇಯಿಸುವ ಕೆಲಸವನ್ನು ಬಿಟ್ಟುಬಿಟ್ಟೆವು. ಹಂಡೆ, ಸೌದೆಗಳ ಗೊಡವೆ ಯಾಕೆಂದು ತೋರಿತ್ತು. ಬಗ್ಗಿಸಿದ ಕೋಲುಗಳು ಪಟಪಟನೆ ಮುರಿದವು, ಮೊಳೆ ತಾಗಿದವು ಸೀಳಿದವು. ಮೇಜಿನ ಕಾಲುಗಳಂತೆ ನಾಲ್ಕು ಕಾಲು ಕೊಟ್ಟಿದ್ದೆವು. ಕೈಬಿಟ್ಟೊಡನೆ ಅದು ಸೊಂಡಿಲಿನ ಮೇಲೆ ಬಿತ್ತು. "ಸರ್, ಇದು ಹಂದಿ" ಎಂದು ಮಕ್ಕಳು ನಕ್ಕರು.

ಎರಡನೆಯ ಸಲ ಹಂಡೆ ಇಟ್ಟೆವು, ಅಳತೆಯನ್ನೂ ಹಿಡಿದೆವು. ಆನೆಯ ಮುಂಗಾಲ ಪಾದದ ಸುತ್ತಳತೆಯನ್ನು ಇಮ್ಮಡಿಸಿದರೆ ಹೆಚ್ಚುಕಡಿಮೆ ಹೆಗಲಿನ ಎತ್ತರ ಬರುತ್ತದೆ. ಆನೆ ಸಾಕುವವರಿಗೆ ಇದು ಹಳೆಯ ಲೆಕ್ಕ. ಪಾದಕ್ಕೆ ಒಂದಡಿಯ ಬಳೆ, ಹೆಗಲಿಗೆ ಎರಡಡಿ. ನಮ್ಮ ದೇಶದ ಆನೆಯ ಬೆನ್ನು ಕಮಾನಿನಂತೆ ಮೇಲಕ್ಕೆ ಬಾಗಿರುತ್ತದೆ. ಹಣೆಯಲ್ಲಿ ಎರಡು ಉಬ್ಬು, ಕಿವಿ ಆಫ್ರಿಕದ ಆನೆಗಿಂತ ಸಣ್ಣದು. ಇವನ್ನೆಲ್ಲ ಕರಿಹಲಗೆಯ ಮೇಲೆ ಬರೆದು ಸರಳು ಬಗ್ಗಿಸಲಾರಂಭಿಸಿದೆವು.

ಒಬ್ಬ ಹುಡುಗ ಮಾತ್ರ ದೂರ ಕುಳಿತಿದ್ದ. ದೇಲಂಪಾಡಿಯ ಕಡೆಯವನು. ಆ ಭಾಗದಲ್ಲಿಯೂ ಕಾರಡ್ಕ, ಮುಳಿಯಾರುಗಳಲ್ಲಿಯೂ ಆನೆಗಳು ತೋಟಕ್ಕಿಳಿದು ಮಾಡಿದ ನಷ್ಟವನ್ನು ಓದುಗರಿಗೆ ಹೇಳಬೇಕಾಗಿಲ್ಲ.

"ನಮ್ಮ ಬಾಳೆ, ಕಂಗು ಎಲ್ಲ ಹಾಳು ಮಾಡಿದ್ದು ಅದೇ ಸರ್. ಅದರ ಗೊಂಬೆ ನಾನು ಕಟ್ಟುವುದಿಲ್ಲ."

ನಮ್ಮಲ್ಲಿ ಉತ್ತರವಿರಲಿಲ್ಲ. ಗೂಡಲೂರಿನಲ್ಲಿಯೂ ಆನೆಯಿಂದಾಗಿ ಮನೆಯವರನ್ನು ಕಳೆದುಕೊಂಡವರಿದ್ದಾರೆ. ಅವರಿಗೆ ಆನೆಯನ್ನು ಪ್ರೀತಿಸಿರೆಂದು ಹೇಳಲು ನಾವು ಯಾರು? ಹಿರಿಯರ ಪ್ರಶ್ನೆ ನೆನಪಾಯಿತು. "ಯಾವ ಆನೆ ಅದು?" ಎಂದಷ್ಟೇ ಕೇಳಿದೆವು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಬಳಿಕ ಟಾರ್ಚಿನ ಬೆಳಕಿನಲ್ಲಿ ಕಂಡುದನ್ನು ಒಂದೊಂದಾಗಿ ಹೇಳಿದ. ಬಲಗಡೆ ಕೊಂಬಿಲ್ಲ. ಎಡಗಿವಿಯ ಅಂಚು ಹರಿದಿದೆ. ನಡೆಯುವಾಗ ಹಿಂಗಾಲೊಂದನ್ನು ತುಸು ಎಳೆಯುತ್ತದೆ. ನಲುವತ್ತು ಮಂದಿಯಲ್ಲಿ ಕಾಡಾನೆಯನ್ನು ಸರಿಯಾಗಿ ನೋಡಿದವನು ಅವನೊಬ್ಬನೇ ಆಗಿದ್ದ. ನಾವು ಕಟ್ಟುತ್ತಿದ್ದುದನ್ನು ನೋಡಿ ತಾಳಲಾರದೆ, ಕೊನೆಗೆ ತಾನೇ ಎದ್ದು ಬಂದು ಇಕ್ಕಳ ಹಿಡಿದ.

ಆದುದರಿಂದಲೇ ನಮ್ಮ ಆನೆಯ ಕಾಲು ವಾಲಿದೆ, ಕಿವಿಗಳ ಅಳತೆ ಬೇರೆಬೇರೆ.

ಪಾಲಕರ ಸಭೆಗೆ ಅವನ ತಂದೆ ಬಂದಿದ್ದರು. ತೋಟದ ಸಿಟ್ಟು ಅವರಲ್ಲಿ ಇನ್ನೂ ಇದ್ದೇ ಇದೆ. ಜಗಲಿಯಲ್ಲಿ ತುಂಬ ಹೊತ್ತು ನಿಂತು ನೋಡಿ, "ಇದು ಅದೇ. ಆದರೆ ಕೊಂಬು ಇನ್ನೂ ಸ್ವಲ್ಪ ಕೆಳಗೆ ಬರಬೇಕು ಸರ್" ಎಂದರು.

ಸೋಮವಾರ ಮತ್ತೆ ಹಂಡೆ ಇಡುವವರಿದ್ದೇವೆ.