ಊರೂರಿಗೆ ಮ್ಯೂಸಿಯಂ: ಸಂಚಾರಿ ಪ್ರದರ್ಶನವನ್ನು ಉದ್ಯೋಗ ಮಾಡಿಕೊಳ್ಳುವುದು ಹೇಗೆ?

ಮ್ಯೂಸಿಯಂ ಎಂದರೆ ನಾವೇ ಹೋಗಿ ನೋಡಿ ಬರಬೇಕಾದ ಕಟ್ಟಡ ಎಂಬುದು ರೂಢಿಯ ಮಾತು. ಆದರೆ ಅದೇ ನಮ್ಮೂರಿಗೆ ಬರುವುದೂ ಉಂಟು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ವಿಜ್ಞಾನ ಬಸ್ಸನ್ನು ನೀವು ಯಾವುದಾದರೂ ಶಾಲೆಯ ಅಂಗಳದಲ್ಲಿ ನೋಡಿರಬಹುದು. ಒಂದೇ ವಿಷಯದ ಸುಮಾರು 20 ಮಾದರಿಗಳನ್ನು ಬಸ್ಸಿಗೇ ಜೋಡಿಸಿರುತ್ತಾರೆ. ಮಕ್ಕಳು ಗುಂಡಿ ಒತ್ತಿ, ಹಿಡಿ ತಿರುಗಿಸಿ ನೋಡುತ್ತಾರೆ. ಇಂಥ ಬಸ್ಸನ್ನು ಮೊದಲು ಓಡಿಸಿದ್ದು ಕೋಲ್ಕತ್ತದ ಬಿರ್ಲಾ ಕೈಗಾರಿಕಾ ವಸ್ತುಸಂಗ್ರಹಾಲಯ, 1965ರಲ್ಲಿ. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯ 2015ರಲ್ಲಿ ಇತಿಹಾಸ, ಕಲೆಗಾಗಿಯೇ ಒಂದು ಬಸ್ಸು ಹೊರಡಿಸಿತು. 2007ರಿಂದ ಹತ್ತು ವರ್ಷ ದೇಶ ಸುತ್ತಿದ ‘ಸೈನ್ಸ್ ಎಕ್ಸ್‌ಪ್ರೆಸ್’ ರೈಲಂತೂ 16 ಬೋಗಿಗಳ ಪ್ರದರ್ಶನ.

ಇವೆಲ್ಲ ದೊಡ್ಡ ಸಂಸ್ಥೆಗಳ ಕೆಲಸ, ನಮ್ಮಂಥವರಿಗೆ ಇಲ್ಲಿ ಜಾಗ ಎಲ್ಲಿದೆ ಎಂದು ಕೇಳಬಹುದು. ಜಾಗ ಇದೆ. ಅದು ಎಲ್ಲಿದೆ ಎಂದು ತಿಳಿಯಲು ಈ ವ್ಯವಹಾರದಲ್ಲಿ ಕೈ ಬದಲಾಗುವುದೇನು ಎಂದು ಮೊದಲು ನೋಡಬೇಕು.

ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ 1952ರಿಂದ ಸಂಚಾರಿ ಪ್ರದರ್ಶನಗಳಿಗೆಂದೇ ಒಂದು ವಿಭಾಗ ನಡೆಸುತ್ತಿದೆ. ಅಲ್ಲಿ ತಯಾರಾದ ಪ್ರದರ್ಶನವನ್ನು ಬೇರೆ ಮ್ಯೂಸಿಯಂಗಳು ಇಷ್ಟು ವಾರಕ್ಕೆ ಇಷ್ಟು ಎಂದು ಶುಲ್ಕ ಕೊಟ್ಟು ತರಿಸಿಕೊಳ್ಳುತ್ತವೆ. ಈ ಅವಧಿಗೆ ‘ಸ್ಲಾಟ್’ ಎನ್ನುತ್ತಾರೆ. ತರಿಸಿಕೊಳ್ಳುವವರಿಗೆ ಬರಿಯ ವಸ್ತುಗಳು ಬರುವುದಿಲ್ಲ. ಫಲಕ, ದೀಪ, ಗಾಜಿನ ಪೆಟ್ಟಿಗೆ, ಜೋಡಿಸುವ ಕೈಪಿಡಿ, ವಿವರಣೆಯ ಪಠ್ಯ, ಪೋಸ್ಟರ್, ಕೆಲವೊಮ್ಮೆ ಜೋಡಿಸುವ ಜನ, ಎಲ್ಲವೂ ಒಟ್ಟಿಗೆ ಬರುತ್ತವೆ. ನಮ್ಮ ನಾಟಕ ಕಂಪನಿಗಳು ಪರದೆ, ಸೀನರಿ ಸಮೇತ ಬಂದು ಕ್ಯಾಂಪ್ ಹಾಕುತ್ತಿದ್ದ ಹಾಗೆಯೇ ಇದು. ಊರಿನವರು ಜಾಗ ಕೊಟ್ಟರೆ ಸಾಕು.

ಆದ್ದರಿಂದ ‘ನನ್ನ ಹತ್ತಿರ ಹಳೆಯ ವಸ್ತುಗಳೇ ಇಲ್ಲವಲ್ಲ’ ಎಂಬ ಚಿಂತೆ ಬೇಡ. ಈಜಿಪ್ಟಿನ ಟೂಟನ್‌ಖಾಮನ್ ಸಮಾಧಿಯ 55 ವಸ್ತುಗಳು 1976ರಿಂದ 79ರವರೆಗೆ ಅಮೆರಿಕ ಸುತ್ತಿದಾಗ ಸುಮಾರು 80 ಲಕ್ಷ ಜನ ನೋಡಿದರು. ಅಂಥ ಮೂಲವಸ್ತುಗಳನ್ನು ಮುಟ್ಟುವ ಕೆಲಸ ಸರ್ಕಾರಗಳಿಗೆ, ದೊಡ್ಡ ಮ್ಯೂಸಿಯಂಗಳಿಗೆ ಬಿಟ್ಟದ್ದು. ಹೊಸಬರು ಪ್ರತಿಕೃತಿ, ಛಾಯಾಚಿತ್ರ, ನಕ್ಷೆ, ಮುಟ್ಟಿ ನೋಡುವ ಮಾದರಿಗಳಿಂದ ಶುರು ಮಾಡುವುದೇ ಸರಿ. ಕಾವೇರಿ ಕಣಿವೆಯ ಕೆರೆಗಳು, ಇಳಕಲ್ಲಿನ ಮಗ್ಗ, ಶಾಸನಗಳಲ್ಲಿ ಕನ್ನಡ ಲಿಪಿ ಬೆಳೆದ ಬಗೆ, ಇಂಥ ವಿಷಯಗಳಿಗೆ ಮೂಲವಸ್ತು ಬೇಕಾಗುವುದಿಲ್ಲ. ಒಳ್ಳೆಯ ಪಠ್ಯ ಬೇಕು, ಒಳ್ಳೆಯ ಬಡಗಿ ಬೇಕು.

ಬಡಗಿಯ ಮಾತನ್ನು ಸುಮ್ಮನೆ ಹೇಳಲಿಲ್ಲ. ಸಂಚಾರಿ ಪ್ರದರ್ಶನದ ಆಯುಸ್ಸು ನಿಂತಿರುವುದು ಅದನ್ನು ಸಾಗಿಸುವ ಪೆಟ್ಟಿಗೆಯ ಮೇಲೆ. ಚೆನ್ನಾಗಿ ಮಾಡಿದ ಒಂದು ಪೆಟ್ಟಿಗೆಯನ್ನು ತೆರೆದು ನೋಡಿ. ಹೊರಗೆ ಪ್ಲೈವುಡ್. ತಳದಲ್ಲಿ ಎರಡು ಅಡ್ಡಪಟ್ಟಿ, ಟ್ರಾಲಿಯ ನಾಲಗೆ ಅದರಡಿ ತೂರಲಿ ಎಂದು. ಒಳಗೆ ದಪ್ಪ ಫೋಮ್, ಅದರಲ್ಲಿ ಆಯಾ ವಸ್ತುವಿನ ಆಕಾರಕ್ಕೆ ಕೊರೆದ ಗೂಡು. ಮುಚ್ಚಳಕ್ಕೆ ಮೊಳೆ ಹೊಡೆದಿರುವುದಿಲ್ಲ, ಬೋಲ್ಟ್ ಹಾಕಿರುತ್ತಾರೆ. ಮೊಳೆಯನ್ನು ನಾಲ್ಕು ಸಲ ಕಿತ್ತು ಹೊಡೆದರೆ ಮರವೇ ಸೀಳುತ್ತದೆ. ಮುಚ್ಚಳದ ಒಳಮೈಗೆ ಒಂದು ಫೋಟೊ ಅಂಟಿಸಿರುತ್ತದೆ. ಯಾವ ಗೂಡಿನಲ್ಲಿ ಯಾವ ವಸ್ತು, ಯಾವ ಮುಖ ಮೇಲಕ್ಕೆ ಎಂದು ಅದು ತೋರಿಸುತ್ತದೆ. ರಾತ್ರಿ ಹತ್ತಕ್ಕೆ, ಭಾಷೆ ತಿಳಿಯದ ಊರಿನ ಹಮಾಲರ ಜೊತೆ ಮತ್ತೆ ತುಂಬುವಾಗ ಕೆಲಸಕ್ಕೆ ಬರುವುದು ಆ ಫೋಟೊ ಒಂದೇ. ಪ್ರದರ್ಶನದ ವಿನ್ಯಾಸಕ್ಕೂ ಮೊದಲು ಪೆಟ್ಟಿಗೆಯ ಅಳತೆ ಗೊತ್ತುಮಾಡಿಕೊಳ್ಳಿ ಎಂಬುದು ನನ್ನ ಸಲಹೆ. ಒಂದು ಗಾಡಿಯಲ್ಲಿ ಹಿಡಿಯದ, ಶಾಲೆಯ ಬಾಗಿಲಲ್ಲಿ ತೂರದ ಫಲಕ ಎಷ್ಟು ಚೆಂದವಿದ್ದರೇನು?

ಪೆಟ್ಟಿಗೆಯ ಜೊತೆಗೆ ಒಂದು ಕಡತವೂ ಪ್ರಯಾಣ ಮಾಡುತ್ತದೆ. ಅದರಲ್ಲಿ ‘ಕಂಡಿಷನ್ ರಿಪೋರ್ಟ್’ ಇರುತ್ತದೆ. ವಸ್ತು ಹೊರಟಾಗ ಹೇಗಿತ್ತು, ತಲುಪಿದಾಗ ಹೇಗಿದೆ ಎಂದು ಎರಡೂ ಕಡೆಯವರು ನೋಡಿ ಸಹಿ ಹಾಕುವ ದಾಖಲೆ ಅದು. ಮೂಲೆಯಲ್ಲಿ ಹಳೆಯ ಗೀರು ಇದ್ದರೆ ಅದನ್ನೂ ಬರೆದು ಫೋಟೊ ಹಾಕಬೇಕು. ಇಲ್ಲದಿದ್ದರೆ ವಿಮೆ ಕೇಳುವಾಗ ಗೀರು ಯಾರದೆಂಬ ಜಗಳ ತಪ್ಪದು. ‘ನೇಲ್ ಟು ನೇಲ್’ ವಿಮೆ ಎಂದರೆ ವಸ್ತುವನ್ನು ಗೋಡೆಯಿಂದ ಇಳಿಸಿದ ಗಳಿಗೆಯಿಂದ ಮರಳಿ ಅದೇ ಗೋಡೆಗೆ ಏರಿಸುವವರೆಗಿನ ರಕ್ಷಣೆ. ಮೂಲವಸ್ತುಗಳಾದರೆ ಇನ್ನಷ್ಟು ಶರತ್ತುಗಳಿವೆ. ಹಳೆಯ ಕಾಗದ, ಬಟ್ಟೆಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ಮ್ಯೂಸಿಯಂಗಳು ನೋಡಿಕೊಳ್ಳುತ್ತವೆ. ಲಕ್ಸ್ ಎಂದರೆ ಮೇಲ್ಮೈಗೆ ಬೀಳುವ ಬೆಳಕಿನ ಅಳತೆ. ಹೊಸ ಜಾಗ ತಲುಪಿದ ಪೆಟ್ಟಿಗೆಯನ್ನು ಅಲ್ಲಿನ ಹವೆಗೆ ಹೊಂದಿಕೊಳ್ಳಲು ಸಾಮಾನ್ಯವಾಗಿ 24 ಗಂಟೆ ಮುಚ್ಚಿಯೇ ಇಡುತ್ತಾರೆ.

ಇನ್ನು ಖರ್ಚಿನ ಲೆಕ್ಕ. ಇದನ್ನು ನಿಧಾನವಾಗಿ ಓದಿ. ಲೆಕ್ಕಕ್ಕೆಂದು ಒಂದು ಪ್ರದರ್ಶನ ತಯಾರಿಸಲು 6 ಲಕ್ಷ ರೂಪಾಯಿ ಆಯಿತು ಎಂದುಕೊಳ್ಳೋಣ. ಅದು ಮೂರು ವರ್ಷ ಬಾಳುತ್ತದೆ, ವರ್ಷಕ್ಕೆ 10 ಊರು ಸುತ್ತುತ್ತದೆ. ಒಟ್ಟು 30 ಊರು. ಒಂದೊಂದು ಊರಿನ ಪಾಲಿಗೆ ತಯಾರಿಕೆಯ ವೆಚ್ಚ 20 ಸಾವಿರ. ಗಾಡಿ ಬಾಡಿಗೆ, ಇಬ್ಬರ ಕೂಲಿ, ಊಟ-ವಸತಿ, ವಿಮೆ, ಸಣ್ಣ ರಿಪೇರಿ ಸೇರಿ ಊರಿಗೆ ಇನ್ನೂ 25 ಸಾವಿರ. ಅಂದರೆ 45 ಸಾವಿರ ಬಂದರೆ ಅಸಲು, ಲಾಭ ಅದರ ಮೇಲೆ. ಈಗ ವರ್ಷಕ್ಕೆ ಐದೇ ಊರು ಸಿಕ್ಕಿತು ಎನ್ನಿ. ತಯಾರಿಕೆಯ ಪಾಲು 40 ಸಾವಿರಕ್ಕೆ ಏರಿ ಅಸಲೇ 65 ಸಾವಿರ ಆಗುತ್ತದೆ. ಗೋದಾಮಿನಲ್ಲಿ ಕೂತ ಪ್ರದರ್ಶನ ಬಾಡಿಗೆ ತರುವುದಿಲ್ಲ, ಗೋದಾಮಿನ ಬಾಡಿಗೆ ತಿನ್ನುತ್ತದೆ. ಹೀಗಾಗಿ ಮೂರು ನಾಲ್ಕು ಊರುಗಳ ಮುಂಗಡ ಕೈಸೇರುವ ಮೊದಲು ತಯಾರಿಕೆಗೆ ಸಾಲ ಮಾಡಬೇಡಿ.

ಊರುಗಳ ಸರದಿಯನ್ನು ನಮ್ಮ ಕ್ಯಾಲೆಂಡರ್ ನೋಡಿಯೇ ಹಾಕಬೇಕು. ಮಾರ್ಚ್‌ನಲ್ಲಿ ಪರೀಕ್ಷೆ, ಏಪ್ರಿಲ್-ಮೇ ರಜೆ, ಶಾಲೆಗಳು ಸಿಗುವುದಿಲ್ಲ. ಆಗ ಮಾಲ್, ಬೇಸಿಗೆ ಶಿಬಿರ ಹುಡುಕಬೇಕು. ಮಳೆಗಾಲದಲ್ಲಿ ಬಯಲುಸೀಮೆ, ಡಿಸೆಂಬರ್ ನಂತರ ಮಲೆನಾಡು, ಕರಾವಳಿ. ಜುಲೈನಲ್ಲಿ ಆಗುಂಬೆಯ ಕಡೆ ಕಾಗದದ ಫಲಕ ಒಯ್ದರೆ ಬೂಷ್ಟು ಹಿಡಿಸಿಕೊಂಡು ಬರಬೇಕಾದೀತು.

ಕಾನೂನಿನ ಮಾತು ಚಿಕ್ಕದು, ಆದರೆ ಮರೆಯುವಂತಿಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾಸಂಪತ್ತು ಕಾಯಿದೆಯ ಪ್ರಕಾರ 100 ವರ್ಷ ದಾಟಿದ ಶಿಲ್ಪ, ಚಿತ್ರ, ನಾಣ್ಯಗಳೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೇ. ಖಾಸಗಿಯವರು ಅವನ್ನು ದೇಶದಾಚೆ ಸಾಗಿಸುವಂತಿಲ್ಲ. ಹೊಸ ಮಾದರಿಗಳನ್ನು ವಿದೇಶದ ಕನ್ನಡ ಸಂಘಗಳಿಗೆ ಒಯ್ದು ಮರಳಿ ತರುವ ಆಸೆ ಇದ್ದರೆ ‘ಎಟಿಎ ಕಾರ್ನೆಟ್’ ಎಂಬ ಪತ್ರದ ಬಗ್ಗೆ ವಿಚಾರಿಸಿ. ಪ್ರದರ್ಶನದ ವಸ್ತುಗಳನ್ನು ಸುಂಕ ಕಟ್ಟದೆ ತಾತ್ಕಾಲಿಕವಾಗಿ ಒಯ್ಯಲು ಇದು ಅನುಕೂಲ. ಭಾರತದಲ್ಲಿ ಇದನ್ನು ಕೊಡುವುದು ಫಿಕ್ಕಿ, ಅವಧಿ ಒಂದು ವರ್ಷ.

ಸ್ವಂತ ವ್ಯವಹಾರ ಬೇಡ, ಕೆಲಸ ಸಾಕು ಎನ್ನುವವರಿಗೂ ದಾರಿ ಇದೆ. ಪಠ್ಯ ಹೆಣೆಯುವ ಕ್ಯುರೇಟರ್, ವಿನ್ಯಾಸಕ, ಜೋಡಿಸುವ ತಂತ್ರಜ್ಞ, ಮಕ್ಕಳಿಗೆ ವಿವರಿಸುವವರು, ಕಡತ ಮತ್ತು ಸಾಗಣೆ ನೋಡಿಕೊಳ್ಳುವ ರಿಜಿಸ್ಟ್ರಾರ್ ಎಲ್ಲರೂ ಬೇಕು. ಎಲ್ಲರೂ ಕ್ಯುರೇಟರ್ ಆಗಲು ಬಯಸುತ್ತಾರೆ. ಆದರೆ ಲೆಕ್ಕಪತ್ರ, ಸಾಗಣೆ ಬಲ್ಲವರು ರಿಜಿಸ್ಟ್ರಾರ್ ಕೆಲಸದತ್ತ ನೋಡುವುದು ಒಳ್ಳೆಯದು, ಪ್ರವಾಸ ಸುಸೂತ್ರವಾಗಿ ನಡೆಯುವುದು ಅವರಿಂದಲೇ. ವಡೋದರದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ 1952ರಿಂದಲೂ ಮ್ಯೂಸಿಯಾಲಜಿ, ಅಂದರೆ ವಸ್ತುಸಂಗ್ರಹಾಲಯ ಶಾಸ್ತ್ರ, ಕಲಿಸುತ್ತಾರೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪ್ರದರ್ಶನ ವಿನ್ಯಾಸದ ವ್ಯಾಸಂಗವಿದೆ. ಬೆಂಗಳೂರಿನಲ್ಲೇ ಎಂಎಪಿ ಕಲಾ ಮ್ಯೂಸಿಯಂ, ಸೈನ್ಸ್ ಗ್ಯಾಲರಿ, ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಇವೆ. ಹೊಸ ಪ್ರದರ್ಶನ ಏರುವ, ಇಳಿಯುವ ದಿನಗಳಲ್ಲಿ ಕೈಜೋಡಿಸಲು ಅವಕಾಶವಿದೆಯೇ ಎಂದು ಕೇಳಿ ನೋಡಿ.

ಹಣ ಕೊಡುವವರು ಯಾರು? ಮಕ್ಕಳ ಟಿಕೆಟ್ ನೆಚ್ಚಿಕೊಂಡರೆ ಕಷ್ಟ. ಕಾಲೇಜು, ಸಾಹಿತ್ಯ ಸಮ್ಮೇಳನ, ಜಿಲ್ಲಾ ಉತ್ಸವ, ಬ್ಯಾಂಕು, ಕಂಪನಿಗಳನ್ನು ಕೇಳಿ. 2013ರ ಕಂಪನಿ ಕಾಯಿದೆಯಂತೆ 500 ಕೋಟಿ ರೂಪಾಯಿ ನಿವ್ವಳ ಆಸ್ತಿ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಶಿಕ್ಷಣ, ಪರಂಪರೆ, ಕಲೆ, ಸಂಸ್ಕೃತಿ ಆ ಪಟ್ಟಿಯಲ್ಲಿವೆ. ಹೊಸ ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಜನವರಿ, ಫೆಬ್ರುವರಿಯಲ್ಲೇ ಹೋಗಿ ಮಾತಾಡಿ. ಕೈಯಲ್ಲಿ ಎರಡು ಪುಟದ ಪ್ರಸ್ತಾವ ಇರಲಿ: ವಿಷಯ, ಬೇಕಾದ ಚದರಡಿ, ಗಾಡಿ ಎಷ್ಟು, ಜೋಡಿಸಲು ಎಷ್ಟು ಗಂಟೆ, ಒಂದು ಊರಿಗೆ ಎಷ್ಟು ರೂಪಾಯಿ. ಜೊತೆಗೆ ಜೋಡಿಸಿದ ಒಂದೇ ಒಂದು ಮಾದರಿಯ ಫೋಟೊ.