ವಿದೇಶದಲ್ಲೇ ನೆಲೆಸುವ ಯೋಚನೆಯೇ? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯವರು ಊರು ಬಿಡುವ ಮುನ್ನ ಮುಗಿಸಬೇಕಾದ ಕೆಲಸಗಳಿವು

ಹಾವೇರಿ: ಮೊದಲು ಓದಲಿಕ್ಕೆ ಅಂತ ಹೋಗುವುದು, ಆಮೇಲೆ ಅಲ್ಲೇ ಕೆಲಸ, ಕೊನೆಗೆ ಅಲ್ಲೇ ಮನೆ. ವಿದೇಶಕ್ಕೆ ಹೋಗುವ ನಮ್ಮ ಕಡೆಯ ಹುಡುಗ–ಹುಡುಗಿಯರ ದಾರಿ ಸಾಮಾನ್ಯವಾಗಿ ಹೀಗೇ ಸಾಗುತ್ತದೆ. ಆದರೆ 'ಹೋದ ಮ್ಯಾಲೆ ನೋಡಿದ್ರಾತು' ಎಂದು ಬಿಟ್ಟು ಹೋದ ಕೆಲಸಗಳೇ ಮುಂದೆ ಕಾಡುತ್ತವೆ. ವೀಸಾ ಕೊಡುವುದು ಹೊರದೇಶ. ಅದಕ್ಕೆ ಬೇಕಾದ ಬಹುಪಾಲು ಕಾಗದಗಳು ಸಿಗುವುದು ಮಾತ್ರ ಇಲ್ಲಿನ ಶಾಲೆ, ತಹಶೀಲ್ದಾರ್ ಕಚೇರಿ, ಪೊಲೀಸ್ ಠಾಣೆಗಳಲ್ಲಿ. ಏನೇನು ಮಾಡಿಕೊಳ್ಳಬೇಕು? ಇಲ್ಲಿದೆ ವಿವರ.

ವೀಸಾ ಬೇರೆ, ಕಾಯಂ ವಾಸ ಬೇರೆ

ವಿದ್ಯಾರ್ಥಿ ವೀಸಾ ಸಿಕ್ಕಿತೆಂದರೆ ಆ ದೇಶದಲ್ಲಿ ನೆಲೆಸುವ ಹಕ್ಕು ಸಿಕ್ಕಂತಲ್ಲ. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ವಯಸ್ಸು, ಓದು, ಅನುಭವ, ಇಂಗ್ಲಿಷ್ ಪರೀಕ್ಷೆಯ ಅಂಕ ಇವೆಲ್ಲ ಕೂಡಿಸಿ ಕಾಯಂ ವಾಸಕ್ಕೆ ಆಯ್ಕೆ ಮಾಡುತ್ತಾರೆ. ವಯಸ್ಸು ಏರಿದಂತೆ ಅಂಕ ಇಳಿಯುತ್ತದೆ. ಜರ್ಮನಿಗೆ ಹೋಗುವ ನರ್ಸ್‌ಗಳು ಜರ್ಮನ್ ಭಾಷೆ ಕಲಿಯಲೇಬೇಕು. ಅಮೆರಿಕದ ಗ್ರೀನ್ ಕಾರ್ಡ್‌ಗೆ ಒಂದೊಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ವರ್ಷಗಟ್ಟಲೆ ಉದ್ದವಿದೆ. ದುಬೈ, ಕತಾರ್‌ಗಳಲ್ಲಿ ಹೆಚ್ಚಿನವರ ವಾಸ ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಊರಿಗೆ ಮರಳುವುದೇ.

ನಿಯಮಗಳೂ ನಿಂತಲ್ಲಿ ನಿಲ್ಲುವುದಿಲ್ಲ. ಕೆನಡಾ 2025ಕ್ಕೆ 5 ಲಕ್ಷ ಜನರಿಗೆ ಕಾಯಂ ವಾಸ ಕೊಡುವ ಗುರಿ ಇಟ್ಟುಕೊಂಡಿತ್ತು. 2024ರ ಅಕ್ಟೋಬರ್‌ನಲ್ಲಿ ಅದನ್ನು 3.95 ಲಕ್ಷಕ್ಕೆ ಇಳಿಸಿತು. ಹಳೆಯ ಲೆಕ್ಕ ನಂಬಿ ಸಾಲ ಮಾಡಬಾರದು ಎನ್ನುವುದು ಇದಕ್ಕೇ.

ಹೆಸರು, ಹುಟ್ಟಿದ ದಿನ, ಜಿಲ್ಲೆ

ಹಾವೇರಿ ಜಿಲ್ಲೆಯಾಗಿದ್ದು 1997ರಲ್ಲಿ. ಅದಕ್ಕೂ ಮೊದಲು ಹುಟ್ಟಿದವರ ಹಳೆಯ ದಾಖಲೆಗಳಲ್ಲಿ 'ಧಾರವಾಡ ಜಿಲ್ಲೆ' ಎಂದಿರುತ್ತದೆ, ಈಗಿನ ಆಧಾರ್‌ನಲ್ಲಿ ಹಾವೇರಿ. ಅದು ತಪ್ಪಲ್ಲ. ಆದರೆ ಹೊರದೇಶದ ಅಧಿಕಾರಿಗೆ ಇದು ಗೊತ್ತಿರುವುದಿಲ್ಲ, ಅರ್ಜಿಯ ಜೊತೆ ಎರಡು ಸಾಲಿನ ವಿವರಣೆ ಬರೆದು ಇಡುವುದು ಒಳ್ಳೆಯದು.

ಹೆಸರಿನದು ಇದಕ್ಕಿಂತ ದೊಡ್ಡ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪ್ಯಾನ್‌ನಲ್ಲಿ ಅಡ್ಡಹೆಸರು ಇರುವವರು ಬಹಳ. ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಡಬೇಡಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಸಂಯುಕ್ತ ಅರಬ್ ಎಮಿರೇಟ್ಸ್ 2022ರ ಕೊನೆಗೆ ಪ್ರವಾಸಿ ವೀಸಾ ನಿರ್ಬಂಧಿಸಿದ ಉದಾಹರಣೆ ಇದೆ.

ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ 'ಜೂನ್ 1' ಕೂಡ ತಲೆನೋವೇ. ಜನನ ಪ್ರಮಾಣಪತ್ರದ ದಿನ ಬೇರೆ ಇದ್ದರೆ ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಪಾಸ್‌ಪೋರ್ಟ್. ಲಗ್ನಪತ್ರಿಕೆ, ಫೋಟೊ ಆಲ್ಬಮ್ ಮದುವೆಗೆ ಸಾಕ್ಷಿಯಾಗಿ ಸಾಲವು. ಉಪನೋಂದಣಾಧಿಕಾರಿ ಕಚೇರಿಯ ವಿವಾಹ ನೋಂದಣಿ ಪತ್ರ ಬೇಕು.

ಅಂಕಪಟ್ಟಿ ಮತ್ತು ಠಾಣೆಯ ಪತ್ರ

ಪದವಿಯ ಮೌಲ್ಯಮಾಪನಕ್ಕೆ ಹಲವು ಸಂಸ್ಥೆಗಳು ಅಂಕಗಳ ವಿವರವನ್ನು ವಿಶ್ವವಿದ್ಯಾಲಯದಿಂದಲೇ ನೇರವಾಗಿ ಕೇಳುತ್ತವೆ. ಬಿ.ಎ., ಬಿ.ಕಾಂ. ಮಾಡಿದ ಹಿಂದಿನವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗ್‌ನವರು ಬೆಳಗಾವಿಯ ವಿಟಿಯುಗೆ, ನರ್ಸಿಂಗ್‌ನವರು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಊರಲ್ಲಿ ಇರುವಾಗಲೇ ಮುಗಿಸಿದರೆ ಸಲೀಸು.

ಪ್ರಮಾಣಪತ್ರ ಅಸಲಿ ಎಂದು ವಿದೇಶಾಂಗ ಸಚಿವಾಲಯ ಹಾಕುವ ಮುದ್ರೆಯೇ ಅಪೋಸ್ಟಿಲ್. ಅದಕ್ಕೂ ಮೊದಲು ರಾಜ್ಯ ಸರ್ಕಾರದ ದೃಢೀಕರಣ ಆಗಿರಬೇಕು.

ಪೊಲೀಸ್ ಕ್ಲಿಯರೆನ್ಸ್ ಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅರ್ಜಿ ಹಾಕಬೇಕು. ಹೊಲದ ಬದುವಿನ ಜಗಳದಲ್ಲಿ ದಾಖಲಾದ ಹಳೆಯ ಪ್ರಕರಣ ಬಾಕಿ ಇದ್ದರೂ ಇಲ್ಲಿ ತಡೆ ಬೀಳಬಹುದು. ಮುಚ್ಚಿಡಬೇಡಿ, ವಕೀಲರನ್ನು ಕೇಳಿ.

ಹೊಲದ ಗತಿಯೇನು?

ಎಲ್ಲರೂ ಕೇಳುವ ಪ್ರಶ್ನೆ ಇದು. ಅನಿವಾಸಿ ಭಾರತೀಯರಾದ ಮಾತ್ರಕ್ಕೆ ಇದ್ದ ಹೊಲ ಹೋಗುವುದಿಲ್ಲ. ಅಪ್ಪನಿಂದ ವಾರಸಾ ಹಕ್ಕಿನಲ್ಲಿ ಬಂದರೂ ಉಳಿಯುತ್ತದೆ. ಆದರೆ ಆಮೇಲೆ ಹೊಸದಾಗಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಇದ್ದ ಹೊಲ ಮಾರುವುದಾದರೆ ಭಾರತದಲ್ಲೇ ಇರುವ ಭಾರತೀಯ ಪ್ರಜೆಗೆ ಮಾತ್ರ ಮಾರಬಹುದು.

ಹಾಗಾಗಿ ಅಜ್ಜನ ಹೆಸರಿನಲ್ಲೇ ಉಳಿದ ಉತಾರವನ್ನು ಪೌತಿ ಖಾತೆ ಮಾಡಿಸಿ. ವಾಟ್ನಿ ಆಗುವುದಿದ್ದರೆ ಅಣ್ಣ–ತಮ್ಮಂದಿರು, ಅಕ್ಕ–ತಂಗಿಯರು ಕೂತು ಮಾತಾಡಿ ನೋಂದಣಿ ಮಾಡಿಸಿಕೊಳ್ಳಿ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲಿದೆ. ಮುಖತ್ಯಾರ ಪತ್ರವನ್ನು ಹೊರಡುವ ಮೊದಲೇ ಬರೆಸುವುದು ಸುಲಭ. ವಿದೇಶದಿಂದ ಕಳಿಸಿದರೆ ಅಲ್ಲಿ ದೃಢೀಕರಿಸಿ, ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕಾಗುತ್ತದೆ. ಯಾವ ಸರ್ವೆ ನಂಬರ್, ಯಾವ ಕೆಲಸಕ್ಕೆ ಎಂದು ಸ್ಪಷ್ಟವಾಗಿ ಬರೆಸಿ. ಎಲ್ಲ ಅಧಿಕಾರವನ್ನೂ ಒಬ್ಬರ ಕೈಗೆ ಬರೆದುಕೊಟ್ಟು ಆಮೇಲೆ ಮನಸ್ಸು ಮುರಿದುಕೊಳ್ಳಬೇಡಿ.

ರೊಕ್ಕದ ಲೆಕ್ಕ

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಖಾತೆಯ ಹಿಂದಿನ 6 ತಿಂಗಳ ಸರಾಸರಿ ಶಿಲ್ಕು ಕೇಳುತ್ತಾರೆ. ಸಾಲ ತಂದು ತೋರಿಸಿದ ಹಣ ನಡೆಯುವುದಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದ ದುಡ್ಡು ಒಮ್ಮೆಲೇ ಖಾತೆಗೆ ಬಿದ್ದರೆ ಎಲ್ಲಿಂದ ಬಂತೆಂದು ಕೇಳುವುದು ಸಹಜ. ಮಾರಾಟದ ರಸೀದಿ ಜೋಪಾನ ಮಾಡಿ.

ವಿದೇಶದಲ್ಲಿ ನೆಲೆಸಿದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅನಿವಾಸಿಗಳಿಗೆ ಪಿಎಂ ಕಿಸಾನ್ ಹಣ ಸಲ್ಲುವುದಿಲ್ಲ. ಬೆಳೆಸಾಲ, ಬಂಗಾರದ ಸಾಲ, ಬೇರೆಯವರಿಗೆ ಹಾಕಿದ ಜಾಮೀನು ಇವನ್ನೂ ಚುಕ್ತಾ ಮಾಡಿಕೊಂಡೇ ಹೊರಡಿ.

ಏಜೆಂಟರ ಮಾತು

ವಿದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಆಗಿರಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ಹೆಸರು ಪರೀಕ್ಷಿಸಬಹುದು. ಅವರು ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30 ಸಾವಿರ ರೂಪಾಯಿ, ಜೊತೆಗೆ ಜಿಎಸ್‌ಟಿ. 'ಪಿಆರ್ ಗ್ಯಾರಂಟಿ' ಎಂದವರನ್ನು ಅಲ್ಲಿಗೇ ಬಿಡಿ, ಆ ಗ್ಯಾರಂಟಿ ಕೊಡುವ ಅಧಿಕಾರ ಯಾವ ಏಜೆಂಟರಿಗೂ ಇಲ್ಲ.

ಚಳಗೇರಿ ಮರೆಯದಿರಲಿ

2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್‌ನಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಯುದ್ಧದ ದಾಳಿಗೆ ಬಲಿಯಾದ. ಪಾರ್ಥಿವ ಶರೀರ ಊರು ಮುಟ್ಟಿದ್ದು ಮಾರ್ಚ್ 21ಕ್ಕೆ. ಯಾವ ದೇಶಕ್ಕೇ ಹೋಗಲಿ, ಇಳಿದ ವಾರದಲ್ಲೇ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ವಿಳಾಸ, ಪಾಸ್‌ಪೋರ್ಟ್ ಪ್ರತಿ, ಅಲ್ಲಿನ ಇಬ್ಬರ ಫೋನ್ ನಂಬರ್ ಮನೆಯಲ್ಲಿ ಬರೆದಿಡಿ.

ಪೌರತ್ವ ಬದಲಿಸಿದರೆ

ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಬೇರೆ ದೇಶದ ಪೌರತ್ವ ಪಡೆದ ದಿನವೇ ಇಲ್ಲಿನದು ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ಆಮೇಲೆ ಸಿಗುವ ಒಸಿಐ ಕಾರ್ಡ್‌ನಿಂದ ವೀಸಾ ಇಲ್ಲದೆ ಬಂದು ಹೋಗಬಹುದು, ಮತ ಹಾಕುವಂತಿಲ್ಲ. ಪೌರತ್ವ ಉಳಿಸಿಕೊಂಡವರು ನಮೂನೆ 6ಎ ತುಂಬಿ ಮತದಾರರಾಗಿರಬಹುದು, ಆದರೆ ಮತ ಹಾಕಲು ಊರಿಗೇ ಬರಬೇಕು.

ಇಷ್ಟೆಲ್ಲ ಆದ ಮೇಲೂ ಒಂದು ಕೆಲಸ ಉಳಿಯುತ್ತದೆ. ರಾತ್ರಿ ಹೊತ್ತಿನಲ್ಲಿ ಅವ್ವನಿಗೆ ಎದೆನೋವು ಬಂದರೆ ದವಾಖಾನೆಗೆ ಕರೆದೊಯ್ಯುವವರು ಯಾರು, ಅಪ್ಪನ ವಿಮೆಯ ಕಾಗದ ಯಾವ ಕಪಾಟಿನಲ್ಲಿದೆ, ದುಡ್ಡು ಯಾರ ಖಾತೆಗೆ ಹಾಕಬೇಕು? ಇದಕ್ಕೆ ಯಾವ ಕಚೇರಿಯಲ್ಲೂ ಅರ್ಜಿ ಇಲ್ಲ. ಟಿಕೆಟ್ ತೆಗೆಸುವ ಮೊದಲು ಮನೆಮಂದಿ ಕೂತು ಮಾತಾಡಿಯೇ ತೀರ್ಮಾನಿಸಬೇಕು.