ಆಕಾಶದಿಂದ ನೆಲವನ್ನೋದುವ ವಿದ್ಯೆ

ದೂರದ ಬೆಟ್ಟ ನುಣ್ಣಗೆ ಎಂಬುದು ನಮ್ಮ ಹಿರಿಯರ ಮಾತು. ದೂರ ನಿಂತು ನೋಡುವವನಿಗೆ ವಸ್ತುವಿನ ಒರಟುತನ ತಿಳಿಯದು, ಹತ್ತಿರ ಹೋದವನೇ ನಿಜವನ್ನು ಬಲ್ಲನು ಎಂಬುದು ಅದರ ತಾತ್ಪರ್ಯ. ಲೋಕವ್ಯವಹಾರದಲ್ಲಿ ಈ ಮಾತು ದಿಟವೇ ಸರಿ. ಆದರೆ ನಾವು ದಿನವೂ ತುಳಿದು ನಡೆಯುವ ನೆಲದ ವಿಷಯದಲ್ಲಿ ಮಾತ್ರ ಅದು ತಿರುವುಮುರುವಾಗುವುದುಂಟು. ಅಂಗಳದ ರಂಗವಲ್ಲಿಯ ಮೇಲೆ ಹರಿಯುವ ಇರುವೆಗೆ ಬಿಳಿಯ ಹುಡಿಯ ದಿಣ್ಣೆಗಳು ತಗಲುವುವೇ ಹೊರತು ಕಮಲದ ಆಕೃತಿ ಕಾಣುವುದಿಲ್ಲ. ಹೊಲದ ನಡುವೆ ನಿಂತ ಮನುಷ್ಯನ ಸ್ಥಿತಿಯೂ ಅದೇ. ಸಾವಿರ ಅಡಿ ಮೇಲೇರಿದವನಿಗೆ ಅದೇ ಹೊಲ ಬರೆದಿಟ್ಟ ಪುಟದಂತೆ ತೆರೆದುಕೊಳ್ಳುತ್ತದೆ. ಇಬ್ಬರು ಕೂರಬಹುದಾದ ಸಣ್ಣ ವಿಮಾನ, ಕೈಯಲ್ಲೊಂದು ಕ್ಯಾಮರಾ, ಋತುಮಾನವನ್ನು ಬಲ್ಲ ಕಣ್ಣು: ಇಷ್ಟರಿಂದಲೇ ಒಂದು ದೇಶದ ಮರೆತ ಇತಿಹಾಸವು ಬೆಳಕಿಗೆ ಬಂದ ಬಗೆಯನ್ನು ನಮ್ಮ ವಿದ್ಯಾವಂತರೂ ಅಧಿಕಾರಿವರ್ಗದವರೂ ಅರಿಯುವುದು ಅವಶ್ಯ.

ಆಕಾಶದಿಂದ ಚಿತ್ರ ತೆಗೆಯುವ ಪ್ರಯತ್ನ ವಿಮಾನಕ್ಕಿಂತಲೂ ಹಳೆಯದು. 1858ರಲ್ಲಿ ಪ್ಯಾರಿಸ್ಸಿನ ನಾದಾರ್ ಎಂಬಾತನು ಬೆಲೂನಿನಲ್ಲಿ ಕುಳಿತು ನೆಲದ ಛಾಯಾಚಿತ್ರವನ್ನು ತೆಗೆದನು. ಆ ಚಿತ್ರ ಈಗ ಉಳಿದಿಲ್ಲ. 1860ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮೇಲಿನಿಂದ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಎಂಬವನು ತೆಗೆದ ಚಿತ್ರವೇ ಇಂದಿಗೂ ಉಳಿದಿರುವವುಗಳಲ್ಲಿ ಅತ್ಯಂತ ಹಳೆಯದು. 1906ರಲ್ಲಿ ಇಂಗ್ಲಂಡಿನ ಸ್ಟೋನ್‌ಹೆಂಜ್ ಎಂಬ ಪ್ರಾಚೀನ ಶಿಲಾವೃತ್ತವನ್ನು ಸೈನ್ಯದ ಬೆಲೂನಿನಿಂದ ಚಿತ್ರಿಸಿದರು. ಆದರೆ ಈ ವಿದ್ಯೆ ನಿಜವಾಗಿ ಬಲಿತದ್ದು 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ. ಶತ್ರುವಿನ ಕಂದಕಗಳನ್ನು ಹುಡುಕಲು ಎತ್ತಿದ ಕ್ಯಾಮರಾ, ಯುದ್ಧ ಮುಗಿದ ಮೇಲೆ ಪೂರ್ವಜರ ಕಂದಕಗಳನ್ನು ಹುಡುಕಿತು.

ಈ ತಿರುವಿಗೆ ಮುಖ್ಯ ಕಾರಣನಾದವನು ಓ. ಜಿ. ಎಸ್. ಕ್ರಾಫರ್ಡ್. ಯುದ್ಧಕಾಲದಲ್ಲಿ ವಿಮಾನದಲ್ಲಿ ಕುಳಿತು ನೆಲವನ್ನು ಅವಲೋಕಿಸುವ ಕೆಲಸ ಮಾಡಿ, 1918ರಲ್ಲಿ ಜರ್ಮನರ ಸೆರೆ ಸಿಕ್ಕಿ ಬಿಡುಗಡೆ ಹೊಂದಿದ ಈತನು, 1920ರಲ್ಲಿ ಬ್ರಿಟನ್ನಿನ ಸರ್ವೇ ಇಲಾಖೆಯ ಮೊದಲ ಪುರಾತತ್ತ್ವಾಧಿಕಾರಿಯಾದನು. ವಾಯುಸೇನೆಯವರು ಅಭ್ಯಾಸಕ್ಕೆಂದು ತೆಗೆದಿದ್ದ ಕೆಲವು ಚಿತ್ರಗಳನ್ನು 1922ರಲ್ಲಿ ನೋಡಿದಾಗ, ಅವುಗಳಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ಹೊಲಗಳ ಬದುಗಳು ಸ್ಪಷ್ಟವಾಗಿ ಮೂಡಿದ್ದುದು ಅವನ ಕಣ್ಣಿಗೆ ಬಿದ್ದಿತು. ಮರುವರ್ಷ, ಅಂಥದೇ ಹಳೆಯ ಚಿತ್ರಗಳ ಸಹಾಯದಿಂದ, ಸ್ಟೋನ್‌ಹೆಂಜಿನಿಂದ ಏವನ್ ನದಿಯ ಕಡೆಗೆ ಸಾಗುವ ಪ್ರಾಚೀನ ಹಾದಿಯ ಮುಚ್ಚಿಹೋಗಿದ್ದ ಭಾಗವನ್ನು ಗುರುತಿಸಿ, ಅಗೆಯಿಸಿ, ಅಲ್ಲಿ ಕಂದಕಗಳಿರುವುದನ್ನು ಸಿದ್ಧಪಡಿಸಿದನು. 1924ರಲ್ಲಿ, ಹಣ್ಣಿನ ಮುರಬ್ಬದ ವ್ಯಾಪಾರದಿಂದ ಸಿರಿವಂತವಾಗಿದ್ದ ಮನೆತನದ ಅಲೆಕ್ಸಾಂಡರ್ ಕೀಲರನೊಡನೆ ವಿಮಾನವೊಂದನ್ನು ಬಾಡಿಗೆಗೆ ಹಿಡಿದು ದಕ್ಷಿಣ ಇಂಗ್ಲಂಡಿನ ಹಲವು ಪ್ರದೇಶಗಳನ್ನು ಚಿತ್ರಿಸಿದನು. ಇದರ ಫಲವಾಗಿ 1928ರಲ್ಲಿ ಹೊರಬಂದ ಗ್ರಂಥವು ಈ ಶಾಸ್ತ್ರಕ್ಕೆ ತಳಹದಿಯಾಯಿತು.

ಆ ನಡುವೆ, 1925ರಲ್ಲಿ, ವಾಯುಸೇನೆಯ ಗಿಲ್ಬರ್ಟ್ ಇನ್‌ಸಾಲ್ ಎಂಬ ಅಧಿಕಾರಿಯು ಸ್ಟೋನ್‌ಹೆಂಜಿನ ಸಮೀಪದಲ್ಲಿ ಹಾರುತ್ತಿರುವಾಗ ಉತ್ತ ಹೊಲವೊಂದರಲ್ಲಿ ಬಿಳಿಯ ಚುಕ್ಕೆಗಳಿರುವ ವರ್ತುಲವನ್ನು ಕಂಡನು. ಮರುವರ್ಷದ ಬೇಸಗೆಯಲ್ಲಿ ಅಲ್ಲಿ ಬೆಳೆ ನಿಂತಾಗ, ಒಂದರೊಳಗೊಂದು ಸೇರಿದ ಚುಕ್ಕೆಗಳ ಸಾಲುಗಳು ಚಿತ್ರದಲ್ಲಿ ಎದ್ದು ಕಂಡವು. ಅಗೆದು ನೋಡಿದರೆ, ಅವು ಮರದ ಕಂಬಗಳನ್ನು ನೆಟ್ಟಿದ್ದ ಕುಳಿಗಳು! ಕಂಬಗಳು ಕೊಳೆತು ಮಣ್ಣಾಗಿ ನಾಲ್ಕು ಸಾವಿರ ವರ್ಷಗಳು ಕಳೆದಿದ್ದರೂ ಅವು ನಿಂತಿದ್ದ ಜಾಗವನ್ನು ನೆಲ ಮರೆತಿರಲಿಲ್ಲ. ಇಂದು ಆ ಸ್ಥಳಕ್ಕೆ ವುಡ್‌ಹೆಂಜ್ ಎಂದು ಹೆಸರು.

ಇದರಲ್ಲಿ ಮಾಯೆಯೇನೂ ಇಲ್ಲ. ರೈತನಿಗೆ ತಿಳಿದಿರುವ ಸಂಗತಿಯೇ ಇದರ ಮೂಲ. ಒಮ್ಮೆ ತೋಡಿದ ಕಂದಕವು ಕಾಲಾಂತರದಲ್ಲಿ ಮೆದುಮಣ್ಣಿನಿಂದ ತುಂಬಿಕೊಂಡರೆ, ಅಲ್ಲಿ ತೇವ ಹೆಚ್ಚು ಕಾಲ ನಿಲ್ಲುತ್ತದೆ. ಆದುದರಿಂದ ಅದರ ಮೇಲಿನ ಪೈರು ಎತ್ತರವಾಗಿ ಬೆಳೆದು, ಹಸುರಾಗಿಯೇ ಇದ್ದು, ತಡವಾಗಿ ಮಾಗುತ್ತದೆ. ನೆಲದೊಳಗೆ ಗೋಡೆಯ ಅಡಿಪಾಯವಿದ್ದಲ್ಲಿ ಬೇರಿಗೆ ಆಳವಿಲ್ಲದೆ ಪೈರು ಸೊರಗಿ ಬೇಗನೆ ಹಳದಿಯಾಗುತ್ತದೆ. ಬರಗಾಲದಲ್ಲಿ ಈ ಭೇದ ಮತ್ತಷ್ಟು ಸ್ಫುಟವಾಗುವುದು. ಇನ್ನು ಅಂಗೈ ಎತ್ತರದ ದಿಬ್ಬವು ಮಧ್ಯಾಹ್ನ ಯಾರಿಗೂ ಕಾಣದಿದ್ದರೂ, ಸೂರ್ಯೋದಯ ಸೂರ್ಯಾಸ್ತಗಳ ಓರೆಬಿಸಿಲಿನಲ್ಲಿ ಉದ್ದವಾದ ನೆರಳು ಚಾಚಿ ತನ್ನ ಇರವನ್ನು ಸಾರುತ್ತದೆ. ಒಂದೇ ಹೊಲ ಒಂದು ವಾರ ಮೌನವಾಗಿದ್ದು ಮುಂದಿನ ವಾರ ಮಾತನಾಡಬಹುದು. ಆದುದರಿಂದಲೇ ಈ ಕೆಲಸಕ್ಕೆ ಒಂದು ದಿನದ ಸಾಹಸ ಸಾಲದು, ವರ್ಷವರ್ಷವೂ ಹಾರಿ ನೋಡುವ ತಾಳ್ಮೆ ಬೇಕು.

ಅಂಥ ತಾಳ್ಮೆಯನ್ನು ತೋರಿದವನು ಆಕ್ಸ್‌ಫರ್ಡಿನ ಮೇಜರ್ ಅಲೆನ್. ವೃತ್ತಿಯಿಂದ ಎಂಜಿನಿಯರನಾದ ಈತನು ಸರಕಾರದ ಸಂಬಳ ಪಡೆಯಲಿಲ್ಲ. 1930ರ ಬಳಿಕದ ವರ್ಷಗಳಲ್ಲಿ ತನ್ನ ಸ್ವಂತ 'ಪಸ್ ಮಾತ್' ಎಂಬ ಹಗುರ ವಿಮಾನವನ್ನು ತಾನೇ ನಡೆಸುತ್ತ, ತಾನೇ ಕ್ಯಾಮರಾ ಹಿಡಿದು, ಥೇಮ್ಸ್ ನದೀಕಣಿವೆಯ ಹೊಲಗಳನ್ನು ಮತ್ತೆ ಮತ್ತೆ ಚಿತ್ರಿಸಿದನು. 1940ರಲ್ಲಿ ಅಪಘಾತದಲ್ಲಿ ಮಡಿದ ಅವನ ಚಿತ್ರಸಂಗ್ರಹವು ಆಕ್ಸ್‌ಫರ್ಡಿನ ಆಶ್‌ಮೋಲಿಯನ್ ಸಂಗ್ರಹಾಲಯಕ್ಕೆ ಸೇರಿತು. ಸಣ್ಣ ವಿಮಾನವೇ ಇದಕ್ಕೆ ತಕ್ಕುದೆಂಬುದಕ್ಕೆ ಕಾರಣಗಳುಂಟು. ಅದು ನಿಧಾನವಾಗಿ ಹಾರಬಲ್ಲುದು. ಕಂಡ ವಸ್ತುವನ್ನು ಸುತ್ತುವರಿದು ಬೆಳಕಿಗೆ ಸರಿಯಾದ ಕೋನವನ್ನು ಆರಿಸಿಕೊಳ್ಳಬಲ್ಲುದು. ರೆಕ್ಕೆ ತಲೆಯ ಮೇಲಿದ್ದರೆ ಕೆಳಗಿನ ನೋಟಕ್ಕೆ ಅಡ್ಡಿಯಿಲ್ಲ. ಕ್ಯಾಮರಾವನ್ನು ವಿಮಾನದ ಒಡಲಿಗೆ ತಾಗಿಸಕೂಡದು, ಎಂಜಿನಿನ ನಡುಕ ಚಿತ್ರವನ್ನು ಕೆಡಿಸುವುದು. ಕಿಟಕಿಯನ್ನು ತೆರೆದು, ಸೆಕೆಂಡಿನ 500ರಲ್ಲಿ ಒಂದು ಪಾಲು ಸಮಯದೊಳಗೆ ಚಿತ್ರ ಹಿಡಿಯಬೇಕು. ಆಯಾ ಚಿತ್ರದ ಸ್ಥಳ, ದಿನ, ಗಂಟೆಗಳನ್ನು ಒಡನೆಯೇ ಬರೆದಿಡಬೇಕು. ಇಲ್ಲವಾದರೆ ಅದು ನೋಟಕ್ಕೆ ಚೆಂದವಾದೀತು, ದಾಖಲೆಯಾಗದು.

ಈ ವಿದ್ಯೆಗೆ ಇನ್ನೊಂದು ಮುಖವೂ ಇದೆ. ಮೇಲಿನಿಂದ ನೋಡುವ ಅಧಿಕಾರ ಬಹುಕಾಲ ಆಳುವವರ ಕೈಯಲ್ಲೇ ಇತ್ತು. ಸಿರಿಯಾದ ಮರುಭೂಮಿಯಲ್ಲಿ ರೋಮನ್ ಗಡಿಕೋಟೆಗಳನ್ನು ವಿಮಾನದಿಂದ ಗುರುತಿಸಿ 1934ರಲ್ಲಿ ಗ್ರಂಥ ಪ್ರಕಟಿಸಿದ ಫ್ರೆಂಚ್ ಪಾದ್ರಿ ಪ್ವಾದೆಬಾರನ ವಿದ್ವತ್ತು ನಿಸ್ಸಂದೇಹವಾಗಿ ದೊಡ್ಡದು. ಆದರೆ ಅವನು ಏರಿದ ವಿಮಾನಗಳು ಆ ದೇಶವನ್ನು ಆಳುತ್ತಿದ್ದ ಫ್ರೆಂಚ್ ಸೈನ್ಯದವು. ನಮ್ಮಲ್ಲಿಯೂ ಬ್ರಿಟಿಷ್ ಸರಕಾರವು 1937ರಲ್ಲಿ ಮಾಡಿದ ವಿಮಾನ ನಿಯಮಗಳಲ್ಲಿ, ಹಾರುತ್ತಿರುವ ವಿಮಾನದಿಂದ ಲಿಖಿತ ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯಕೂಡದೆಂದು ವಿಧಿಸಲಾಯಿತು. ಇಂಗ್ಲಂಡಿನಲ್ಲಿ ಅಲೆನ್ ತನ್ನ ಇಷ್ಟದಂತೆ ಹಾರಿ ಚಿತ್ರ ತೆಗೆಯುತ್ತಿದ್ದುದು ಅದೇ ವರ್ಷಗಳಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು. ಸ್ವಾತಂತ್ರ್ಯ ಬಂದ ಮೇಲೆಯೂ ಆ ನಿಯಮವು ದಶಕಗಳ ಕಾಲ ಉಳಿದುಬಂದಿತು. ಗಡಿರಕ್ಷಣೆಯ ದೃಷ್ಟಿಯಿಂದ ಕೆಲವು ನಿರ್ಬಂಧಗಳು ಅಗತ್ಯವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಕಂಟೋನ್ಮೆಂಟಿಗೆ ಸಲ್ಲುವ ಕಟ್ಟಳೆ ಕೆರೆಯಂಗಳಕ್ಕೂ ಹಾಳುಕೋಟೆಗೂ ಸಂದುದರಿಂದ, ತನ್ನ ನೆಲವನ್ನು ತಾನೇ ನೋಡುವ ಅಭ್ಯಾಸ ನಮ್ಮ ವಿದ್ವಾಂಸರಲ್ಲಿ ಬೆಳೆಯದೆ ಹೋಯಿತು.

ಈಗ ಆ ಬಾಗಿಲು ಬಹುಮಟ್ಟಿಗೆ ತೆರೆದಿದೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ನಕ್ಷೆ ಮತ್ತು ಭೂದತ್ತಾಂಶಗಳ ಮೇಲಿನ ಕಟ್ಟುಗಳನ್ನು ಭಾರತೀಯ ಸಂಸ್ಥೆಗಳ ಮಟ್ಟಿಗೆ ಸಡಿಲಿಸಿತು; ಅದೇ ವರ್ಷದ ಆಗಸ್ಟಿನಲ್ಲಿ ಡ್ರೋನ್ ನಿಯಮಗಳನ್ನು ಸರಳಗೊಳಿಸಿತು. ಸ್ವಾಮಿತ್ವ ಯೋಜನೆಯಲ್ಲಿ 2020ರಿಂದ ಹಳ್ಳಿಗಳ ಮನೆನಿವೇಶನಗಳನ್ನು ಡ್ರೋನಿನಿಂದ ಅಳೆಯಲಾಗಿದೆ. ಉಪಗ್ರಹಗಳಿರುವಾಗ ಸಣ್ಣ ವಿಮಾನವೇಕೆ ಎಂದು ಕೆಲವರು ಕೇಳಬಹುದು. ಭೂವೀಕ್ಷಣೆಯ ಉಪಗ್ರಹಗಳಲ್ಲಿ ಹಲವು ಒಂದು ಪ್ರದೇಶದ ಮೇಲೆ ಪ್ರತಿಸಲವೂ ಹೆಚ್ಚು ಕಡಮೆ ಒಂದೇ ಗಂಟೆಗೆ ಹಾಯುತ್ತವೆ. ಓರೆಬಿಸಿಲಿಗಾಗಿ ಅವು ಕಾಯಲಾರವು. ಡ್ರೋನು ಒಂದು ಹೊಲವನ್ನು ಚೆನ್ನಾಗಿ ತೋರಿಸೀತು; ಒಂದು ಬೆಳಗಿನೊಳಗೆ ಒಂದು ತಾಲ್ಲೂಕನ್ನು ನೋಡಿಬರಲು ಹಗುರ ವಿಮಾನವೇ ಬೇಕು.

ಈ ಕೆಲಸಕ್ಕೆ ಕರ್ನಾಟಕದಲ್ಲಿ ಸಾಧನಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯು 'ಪುಷ್ಪಕ' ಎಂಬ, ರೆಕ್ಕೆ ಮೇಲಿರುವ ಇಬ್ಬರ ಹಗುರ ವಿಮಾನವನ್ನು 1958ರಲ್ಲಿಯೇ ಹಾರಿಸಿತ್ತು. ಜಕ್ಕೂರಿನ ವಿಮಾನನೆಲೆ ನಮ್ಮದೇ. ನೋಡಬೇಕಾದ ನೆಲಕ್ಕಂತೂ ಬರವಿಲ್ಲ. ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ. ಎಚ್. ಕೃಷ್ಣರವರೂ, ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರನೂ ಅಗೆದು ತೋರಿಸಿದ್ದು ಒಂದೊಂದು ಮೂಲೆಯನ್ನು ಮಾತ್ರ. ಇಂಗ್ಲಂಡಿನ ಸುಣ್ಣದ ನೆಲ ಹೇಳಿದಂತೆಯೇ ನಮ್ಮ ಎರೆಮಣ್ಣು, ಕೆಮ್ಮಣ್ಣುಗಳು ಹೇಳುವುವೆಂದು ಮೊದಲೇ ನಂಬಿ ಕೂರಬೇಕಾಗಿಲ್ಲ. ಹಾರಿ ನೋಡಿಯೇ ತಿಳಿಯಬೇಕು.

ಆದರೆ ಕಾಲ ನಮಗಾಗಿ ಕಾಯದು. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣವೆದ್ದಿತು. ಕೆರೆಯಿಂದ ಕೆರೆಗೆ ಹರಿಯುವ ರಾಜಕಾಲುವೆ, ಕೋಟೆಯ ಕಂದಕ, ಹಾಳೂರಿನ ಬೀದಿ, ಇವೆಲ್ಲ ಬುಲ್ಡೋಜರಿನ ಒಂದು ದಿನದ ಕೆಲಸಕ್ಕೆ ಅಳಿದುಹೋಗುವಂಥವು. ಒತ್ತುವರಿಯ ಮೊಕದ್ದಮೆಯಲ್ಲಿ ಕೆರೆಯ ಅಂಚು ಎಲ್ಲಿತ್ತೆಂದು ನ್ಯಾಯಾಲಯ ಕೇಳುವಾಗ, ದಿನಾಂಕ ಬರೆದ ಒಂದು ಛಾಯಾಚಿತ್ರವು ಹತ್ತು ಸಾಕ್ಷಿಗಳ ಬಾಯಿಮಾತಿಗಿಂತ ಹೆಚ್ಚಿನದು. ಆದುದರಿಂದ ವಿಶ್ವವಿದ್ಯಾನಿಲಯಗಳೂ ಪುರಾತತ್ತ್ವ ಇಲಾಖೆಯೂ ಕೂಡಿ, ಮಳೆಗಾಲ ಮುಗಿದೊಡನೆ ಒಮ್ಮೆ, ಬೇಸಗೆಯಲ್ಲಿ ಒಮ್ಮೆ, ಪ್ರತಿವರ್ಷವೂ ಜಿಲ್ಲೆಜಿಲ್ಲೆಯ ಮೇಲೆ ಹಾರಿ ಚಿತ್ರ ತೆಗೆಸಿ, ಅವನ್ನು ಸಾರ್ವಜನಿಕರು ಬಂದು ನೋಡುವಂಥ ಸಂಗ್ರಹಾಲಯದಲ್ಲಿ ಇರಿಸಲಿ. ಇದಕ್ಕೆ ತಗಲುವ ವೆಚ್ಚ ಒಂದು ಮೇಲ್ಸೇತುವೆಯ ವೆಚ್ಚದ ಮುಂದೆ ಅತ್ಯಲ್ಪ. ಅಳಿದ ಕೆರೆಯನ್ನು ಮರಳಿ ತರುವುದು ಕಷ್ಟಸಾಧ್ಯ. ಅದು ಇತ್ತೆಂಬ ಸಾಕ್ಷ್ಯವನ್ನಾದರೂ ಮುಂದಿನವರ ಕೈಗೆ ಒಪ್ಪಿಸುವುದು ನಮ್ಮಿಂದ ಆಗದ ಕೆಲಸವಲ್ಲ.